ನೆಂಟರ ತೇವಾಂಶ

ತೀರ್ಥಹಳ್ಳಿ ಸೀಮೆಯಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದವರ ಪಾಲಿಗೆ ಪುಷ್ಯ ಮಳೆ ಬಣ್ಣಗಳ ಕಾಲ. ಚಪ್ಪಲಿಯ ಮೇಲೆ ಬಿಳಿ ಬೂಷ್ಟು, ಬೆಲ್ಟಿನ ಮೇಲೆ ಹಸಿರು, ಬೀರುವಿನ ಹಿಂದೆ ಅಪ್ಪಟ ಕಪ್ಪು. ಸೂರು ಸೋರುವುದಿಲ್ಲ, ಕಿಟಕಿಗಳು ಭದ್ರ, ಮತ್ತೆ ಈ ನೀರು ಎಲ್ಲಿಂದ? ಪತ್ತೇದಾರಿಕೆಗೆಂದು ತೇವಾಂಶ ಅಳೆಯುವ ಪುಟ್ಟ ಮೀಟರೊಂದನ್ನು ತರಿಸಿ, ಹಾಲ್‌ನಲ್ಲಿ ದೇವರ ಫೋಟೋದ ಪಕ್ಕದಲ್ಲೇ ಪ್ರತಿಷ್ಠಾಪಿಸಿದೆ. ಬೆಳಗ್ಗೆ ಎದ್ದು ಮೊದಲು ಯಾವುದರ ಮುಖ ನೋಡುತ್ತೀರಿ ಎಂದು ಹೆಂಡತಿ ಕೇಳಿದಳು. ನಾನು ಉತ್ತರಿಸಲಿಲ್ಲ.

ಆ ಭಾನುವಾರ ಏಳು ಜನ ನೆಂಟರು ಬಂದರು. ಮೀಟರು ಶೇಕಡಾ 90 ತೋರಿಸುತ್ತಿತ್ತು. ಸುಮ್ಮನೆ ಕೂತ ಮನುಷ್ಯ ಉಸಿರು, ಬೆವರು ಸೇರಿ ಗಂಟೆಗೆ ಸುಮಾರು 45 ಗ್ರಾಂ ನೀರು ಬಿಡುತ್ತಾನೆ. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹಿಡಿಸುವ ಆವಿ 17 ಗ್ರಾಂ. ನಮ್ಮ ಹಾಲ್ 60 ಘನಮೀಟರ್. ಅಂದರೆ ಒಟ್ಟು ಒಂದು ಲೀಟರ್ ನೀರಿನ ಯೋಗ್ಯತೆ, ಅದರಲ್ಲಿ ಖಾಲಿ ಉಳಿದಿದ್ದು 100 ಗ್ರಾಂ. ಏಳು ಜನರಿಂದ ಗಂಟೆಗೆ 315. ಕಾಫಿ ಸೋಸುವ ಮೊದಲೇ ಹಾಲ್ ಭರ್ತಿ!

ಚಿಕ್ಕಪ್ಪ ಅಡಿಕೆ ರೇಟಿನ ಬಗ್ಗೆ ಏರುದನಿ ತೆಗೆದರು. ಏರುದನಿಗೆ ಉಸಿರು ಜಾಸ್ತಿ. 91. ಸೋದರತ್ತೆ ಎಲೆಚುಕ್ಕಿ ರೋಗ ನೆನೆದು ನಿಟ್ಟುಸಿರಿಟ್ಟರು. 92. ಮೂಲೆಯಲ್ಲಿ ಒದ್ದೆ ಛತ್ರಿಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಅವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. 94 ಆದಾಗ ತಡೆಯಲಾಗದೆ, "ಎಲ್ಲರೂ ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂತು ಉಸಿರಾಡಿದರೆ ಹೇಗೆ?" ಎಂದುಬಿಟ್ಟೆ. ಚಿಕ್ಕಪ್ಪನ ಬಾಯಿ ತೆರೆದಂತೇ ನಿಂತಿತು. ಅಲ್ಲಿಂದಲೂ ಆವಿ ಹೋಗುತ್ತಲೇ ಇತ್ತು. ಸೋದರತ್ತೆ ಹೆಂಡತಿಯನ್ನು ಅಡುಗೆಮನೆಗೆ ಕರೆದು, "ಯಾವಾಗಿಂದ?" ಎಂದು ಕೇಳಿದರಂತೆ.

ನೆಂಟರದೇನು ತಪ್ಪು, ಬಿಟ್ಟ ಉಸಿರಿಗೆ ಹೊರಗೆ ಹೋಗುವ ದಾರಿಯಿರಲಿಲ್ಲ. ಗವಾಕ್ಷಿ ಹಳೇ ಫ್ಯಾಶನ್ ಎಂದು ಇಂಜಿನಿಯರ್ ಮಹಾಶಯ ಸ್ಲೈಡಿಂಗ್ ಕಿಟಕಿ ಬಿಗಿದಿದ್ದ. ಬೂಷ್ಟಿಗೆ ಅವನ ಮದ್ದು ವಾಟರ್‌ಪ್ರೂಫ್ ಪೇಂಟು. ಒಳಗೆ ಹುಟ್ಟಿದ ನೀರಿಗೆ ಹೊರಗೆ ಬಣ್ಣ! ಅವನ ಮೇಸ್ತ್ರಿ ಇನ್ನೂ ಒಂದು ಕೈ ಮೇಲು: ಒಳಗೋಡೆಗೆ ಥರ್ಮೋಕೋಲ್ ಅಂಟಿಸಿ ಎಂದ. ಅಂಟಿಸಿದರೆ ಅದರ ಹಿಂದಿನ ಗೋಡೆ ಮತ್ತಷ್ಟು ಥಂಡಿಯಾಗಿ, ಸಂದಿಯಲ್ಲಿ ನುಸುಳಿದ ಆವಿ ಅಲ್ಲೇ ನೀರಾಗುತ್ತದೆ. ಪರದೆ ಕಟ್ಟಿ ಬೂಷ್ಟಿಗೆ ಬಾಣಂತನ ಮಾಡಿದ ಹಾಗೆ. ಹೊದಿಕೆ ಬೀಳಬೇಕಾದದ್ದು ಗೋಡೆಯ ಹೊರಮೈಗೆ, ತಾರಸಿಯ ನೆತ್ತಿಗೆ. ಆಗ ಒಳಮೈ ಬೆಚ್ಚಗಿರುತ್ತದೆ. ಆದರೆ ಹೊದೆಸಿದ ಮನೆಯಲ್ಲೂ ಆವಿ ಹೊರಹೋಗದಿದ್ದರೆ ಕೆಟ್ಟಿತು. ಗೋಡೆಯ ಹತ್ತಿರದ ಗಾಳಿ 80 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು, ನೀರು ತೊಟ್ಟಿಕ್ಕಬೇಕೆಂದಿಲ್ಲ.

ಕಿಟಕಿ ತೆರೆಯೋಣವೆಂದರೆ, ಮಳೆ ವರ್ಷಕ್ಕೆ ಸರಾಸರಿ 7000 ಮಿ.ಮೀ. ದಾಟುವ ಆಗುಂಬೆ ನಮ್ಮ ತಾಲ್ಲೂಕಿನದೇ. ಒಳಬರುವ ಗಾಳಿಯೂ 95. ಆದರೆ ಅದನ್ನೇ 20ರಿಂದ 25 ಡಿಗ್ರಿಗೆ ಕಾಯಿಸಿದರೆ 70ರ ಆಸುಪಾಸಿಗೆ ಇಳಿಯುತ್ತದೆ. ಅಜ್ಜನ ಮನೆಯ ಬಚ್ಚಲೊಲೆ ಮೀಟರಿಲ್ಲದೆ ಮಾಡುತ್ತಿದ್ದದ್ದು ಇದನ್ನೇ. ಮಣ್ಣಿನ ದಪ್ಪ ಗೋಡೆ ಕಾವು ಹಿಡಿದಿಡುತ್ತಿತ್ತು, ತೇವ ಹೊಗೆಯ ಜೊತೆ ಮಂಗಳೂರು ಹಂಚಿನ ಸಂದಿಯಲ್ಲಿ ಹೊರಟುಹೋಗುತ್ತಿತ್ತು.

ಹಾಗಂತ ಹಳೇ ಮನೆಯ ಗುಣಗಾನ ನನ್ನಿಂದಾಗದು. ತೊಲೆಗಳನ್ನು ಹುಳದಿಂದ ಕಾಪಾಡಿದ ಹೊಗೆ ಅಜ್ಜಿಯ ಎದೆಗೂ ಇಳಿದಿತ್ತು. ಕೊನೆಯ ವರ್ಷಗಳಲ್ಲಿ ಅವಳು ಕೂತೇ ನಿದ್ದೆ ಮಾಡಿದಳು. ಡಾಕ್ಟರು ಅವಳನ್ನು, ಬೀಡಿ ಸೇದುತ್ತಿದ್ದಿರಾ ಎಂದು ಕೇಳಿದ್ದರು.

ಮನೆ ಕಟ್ಟಿಸುತ್ತಿರುವವರೇ, ಗ್ರಾನೈಟಿನ ದುಡ್ಡಲ್ಲಿ ಒಂದಿಷ್ಟು ಮುರಿದುಕೊಂಡು ತಾರಸಿಗೊಂದು ಹಂಚಿನ ಮಾಡು, ಕೋಣೆಗೊಂದು ಗವಾಕ್ಷಿ, ಬಚ್ಚಲಿಗೂ ಅಡುಗೆಮನೆಗೂ ಗಾಳಿ ಹೊರದಬ್ಬುವ ಫ್ಯಾನು ಹಾಕಿಸಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ನೆಂಟರು ಬಂದರೆ ಛತ್ರಿಯನ್ನಷ್ಟೇ ಹೊರಗಿಡಿಸಿ.