ಆಫ್ ಮಾಡಿದರೂ ಮಾತಾಡುವ ಕ್ಯಾಮೆರಾ

ಆಫ್ ಆಗಿ ಕೈಯಲ್ಲಿದ್ದಾಗಲೂ ಕ್ಯಾಮೆರಾ ತನ್ನ ಯೋಗಕ್ಷೇಮ ಹೇಳಬೇಕು ಎಂಬುದು ನನ್ನ ಹಠ. ಷಟರ್ ಎಷ್ಟರಲ್ಲಿದೆ, ಅಪರ್ಚರ್ ಎಷ್ಟರಲ್ಲಿದೆ, ಐಎಸ್‌ಒ ಎಷ್ಟು ಎನ್ನುವುದೆಲ್ಲ ತಲೆ ಬಗ್ಗಿಸಿ ನೋಡಿದರೆ ತಿಳಿಯಬೇಕು. "ಆನ್ ಮಾಡಿದ್ರೆ ಎಲ್ಲಾ ಸ್ಕ್ರೀನಲ್ಲೇ ಬರುತ್ತಲ್ಲ ಮಾಮ" ಅನ್ನುತ್ತಾನೆ ಅಕ್ಕನ ಮಗ. ಬರುತ್ತದೆ, ಇಲ್ಲವೆನ್ನಲಿಲ್ಲ. ಖಾತೆಯಲ್ಲಿ ಎಷ್ಟಿದೆಯೆಂದು ಬ್ಯಾಂಕಿನವರೂ ಹೇಳುತ್ತಾರೆ. ಹಾಗಂತ ಬಸ್ಸು ಹತ್ತುವಾಗ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ಯಾರೂ ಬಿಟ್ಟಿಲ್ಲ.

ಈ ಹಠದ ಬೇರು ಇರುವುದು 'ಇಂದು' ಫಿಲ್ಮಿನ ಕಾಲದಲ್ಲಿ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯಿಂದ ಬರುತ್ತಿದ್ದ ಕಪ್ಪು-ಬಿಳುಪು ರೋಲು ಅದು. ಒಮ್ಮೆ ರೋಲು ಒಳಗೆ ಹೋಯಿತೆಂದರೆ ಐಎಸ್‌ಒ, ಅಂದರೆ ಆಗಿನವರ ಬಾಯಲ್ಲಿ ಎಎಸ್‌ಎ, ತೀರ್ಮಾನವಾದ ಹಾಗೆಯೇ. 36 ಚಿತ್ರ ಮುಗಿಯುವ ತನಕ ಅದನ್ನು ಮುಟ್ಟುವಂತಿರಲಿಲ್ಲ. ತಿರುಗಿಸಲು ಉಳಿಯುತ್ತಿದ್ದದ್ದು ಷಟರ್ ಮತ್ತು ಅಪರ್ಚರ್ ಎರಡೇ. ನಮ್ಮೂರಿನ ಸ್ಟುಡಿಯೊ ಯಜಮಾನರು ಬಾಗಿಲ ತನಕ ಬಂದು, ಕಣ್ಣಿಗೆ ಕೈ ಮರೆಮಾಡಿ ಆಕಾಶ ನೋಡಿ, "ನೂರಿಪ್ಪತ್ತೈದು, ಹದಿನಾರು" ಎಂದು ಪಂಚಾಂಗ ಓದುವ ಧಾಟಿಯಲ್ಲಿ ಹೇಳುತ್ತಿದ್ದರು. ಮೋಡ ಕವಿದಿದ್ದರೆ ಹದಿನಾರು ಹೋಗಿ ಎಂಟಾಗುತ್ತಿತ್ತು. ಲೈಟ್ ಮೀಟರ್ ಇರಲಿಲ್ಲವೆಂದಲ್ಲ. ಅದು ಮೇಜಿನ ಡ್ರಾಯರಿನಲ್ಲಿ ರಬ್ಬರ್ ಸ್ಟಾಂಪುಗಳ ಜೊತೆ ವಿಶ್ರಾಂತಿ ಪಡೆಯುತ್ತಿತ್ತು.

ಅವರ ಮಂತ್ರದಲ್ಲಿ ಗುಟ್ಟೇನೂ ಇರಲಿಲ್ಲ. ಸುಡುಬಿಸಿಲಿನಲ್ಲಿ ಅಪರ್ಚರ್ 16 ಇಟ್ಟುಕೊಂಡರೆ, 100ರ ಫಿಲ್ಮಿಗೆ ಸೆಕೆಂಡಿನ ನೂರನೆಯ ಒಂದು ಭಾಗ, ಡಯಲ್ಲಿನಲ್ಲಿ ಅದಕ್ಕೆ ಹತ್ತಿರದ 125, ಸರಿಹೋಗುತ್ತದೆ. 125, 250, 500 ಎಂದು ದುಪ್ಪಟ್ಟಾಗುತ್ತ ಹೋಗುವ ಷಟರ್ ಮಗ್ಗಿ ಮಕ್ಕಳಿಗೂ ಬರುತ್ತದೆ. ಅಪರ್ಚರಿನದು ಮಾತ್ರ ವಿಚಿತ್ರ ಮಗ್ಗಿ: 5.6, 8, 11, 16. ಎರಡರ ವರ್ಗಮೂಲದಿಂದ ಗುಣಿಸುತ್ತ ಹೋದರೆ ಈ ಸಾಲು ಸಿಗುತ್ತದೆ. ಒಂದೊಂದು ಮೆಟ್ಟಿಲಿಗೂ ತೂತಿನ ವಿಸ್ತೀರ್ಣ ಅರ್ಧವಾಗುತ್ತದೆ, ಬೆಳಕೂ ಅರ್ಧವಾಗುತ್ತದೆ. ವರ್ಗಮೂಲ ಯಾವ ಉಪಯೋಗಕ್ಕೆ ಎಂದು ಶಾಲೆಯಲ್ಲಿ ಕೇಳಿ ಬೆಂಚಿನ ಮೇಲೆ ನಿಂತವರೆಲ್ಲ ಒಂದು ಹಳೆಯ ಲೆನ್ಸು ಹಿಡಿದು ನೋಡಬೇಕು.

ಈಗ ಮಿರರ್‌ಲೆಸ್ ಕಾಲ. ಹೊಸದೊಂದು ಕೊಳ್ಳಲು ಹೊರಟಾಗ ನನ್ನ ಹಠಕ್ಕೆ ತಕ್ಕವರೆಂದು ಕಂಡವರು ಇಬ್ಬರು. ಮೊದಲನೆಯದು 2023ರಲ್ಲಿ ಬಂದ ನಿಕಾನ್ ಜೆಡ್‌ಎಫ್. ನೋಡಲು 1982ರ ಎಫ್‌ಎಂ2 ಕ್ಯಾಮೆರಾದ ಪಡಿಯಚ್ಚು. ಆ ಎಫ್‌ಎಂ2 ಎಂಥ ಗಟ್ಟಿಗ ಅಂದರೆ, ಸೆಕೆಂಡಿನ 4000ನೆಯ ಒಂದು ಭಾಗದವರೆಗೂ ಓಡುವ ಅದರ ಷಟರಿಗೆ ಬ್ಯಾಟರಿಯೇ ಬೇಡ. ಬ್ಯಾಟರಿ ಇದ್ದದ್ದು ಮೀಟರಿಗೆ ಮಾತ್ರ. ಅಪ್ಪನ ಮುಖವನ್ನೇ ಹೊತ್ತು ಬಂದ ಮಗನನ್ನು ಕಂಡು ಮನಸ್ಸು ಕರಗಿತು. ಆದರೆ ಐಎಸ್‌ಒ ಡಯಲ್ಲಿನ ಅಡಿಯಲ್ಲಿ ಒಂದು ಸಣ್ಣ ಸನ್ನೆಕೋಲು ಕೂತಿದೆ. ಅದನ್ನು ಅಪರ್ಚರ್ ಪ್ರಯಾರಿಟಿಗೆ ತಳ್ಳಿದರೆ, ಅಷ್ಟು ಚಂದದ ಷಟರ್ ಡಯಲ್ಲು ಉತ್ಸವಮೂರ್ತಿಯಾಗಿಬಿಡುತ್ತದೆ. ಅದು 125 ತೋರಿಸುತ್ತ ಕೂತಿರುತ್ತದೆ, ಒಳಗೆ ಷಟರ್ 2000ದಲ್ಲಿ ಓಡುತ್ತಿರುತ್ತದೆ. ಜೊತೆಗೆ ನಿಕಾನಿನದೇ ಜೆಡ್ ಲೆನ್ಸುಗಳಲ್ಲಿ ಅಪರ್ಚರಿನ ಅಂಕೆ ಕೊರೆದ ರಿಂಗ್ ಇಲ್ಲ. ನೆತ್ತಿಯ ಮೇಲಿನ ಪುಟಾಣಿ ಕಿಟಕಿಯಲ್ಲಿ ಇಣುಕಬೇಕು.

ಎರಡನೆಯದು ಫ್ಯೂಜಿಫಿಲ್ಮ್ ಎಕ್ಸ್-ಟಿ5. ಇದರಲ್ಲಿ ಮೋಡ್ ಡಯಲ್ಲೇ ಇಲ್ಲ, ನನ್ನನ್ನು ಗೆದ್ದದ್ದೇ ಅದು. ಷಟರ್ ಡಯಲ್ಲಿನಲ್ಲಿ ಒಂದು 'ಎ', ಲೆನ್ಸಿನ ರಿಂಗಿನಲ್ಲಿ ಒಂದು 'ಎ'. ಎರಡನ್ನೂ ಎಗೆ ತಂದರೆ ಎರಡೂ ಕ್ಯಾಮೆರಾದ ಪಾಲು. ರಿಂಗನ್ನು 8ಕ್ಕೆ ತಂದರೆ ಅಪರ್ಚರ್ ನನ್ನದು, ಷಟರ್ ಅದರದು. ಎರಡನ್ನೂ ಅಂಕೆಗೆ ತಂದರೆ ಹೊಣೆಯೆಲ್ಲ ನನ್ನ ತಲೆಗೆ. ಯಾರ ಕೆಲಸ ಯಾರದು ಎಂದು ಇಷ್ಟು ಸ್ಪಷ್ಟವಾಗಿ ಬರೆದುಕೊಂಡ ಸಂಸಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇನ್ನೊಂದು ಸೊಗಸೂ ಇದೆ. ಇದರ ಮೂಲ ಐಎಸ್‌ಒ 125. ಷಟರ್, ಐಎಸ್‌ಒ ಎರಡು ಡಯಲ್ಲನ್ನೂ 125ಕ್ಕೆ ತಿರುಗಿಸಿ ರಿಂಗನ್ನು 16ಕ್ಕೆ ತಂದರೆ ನಮ್ಮ ಯಜಮಾನರ ಪಂಚಾಂಗ ತಯಾರು.

ಹಾಗಂತ ಫ್ಯೂಜಿಯೂ ಸತ್ಯಹರಿಶ್ಚಂದ್ರನಲ್ಲ. ಹಿಂಭಾಗದ ಚಕ್ರ ತಿರುಗಿಸಿದರೆ ಡಯಲ್ಲು 125 ಎನ್ನುತ್ತಿರುವಾಗಲೇ ಷಟರ್ 100ಕ್ಕೋ 160ಕ್ಕೋ ಜಾರಿಕೊಂಡಿರುತ್ತದೆ. 18-55ರ ಜೂಮ್ ಲೆನ್ಸಿನಲ್ಲಿ ರಿಂಗ್ ಇದೆ, ಅಂಕೆ ಇಲ್ಲ. ಜೂಮ್ ಮಾಡಿದಂತೆ ದೊಡ್ಡ ಅಪರ್ಚರಿನ ಮಿತಿ 2.8ರಿಂದ 4ಕ್ಕೆ ಸರಿಯುವ ಲೆನ್ಸಿನ ಮೇಲೆ ಏನೆಂದು ಕೊರೆದಾರು, ಪಾಪ. ಅಂಕೆಯ ರಿಂಗಿನ ಲೆನ್ಸುಗಳಲ್ಲಿ ನನಗೆ 35 ಎಫ್2 ತರಹದ, ಜೂಮ್ ಆಗದ್ದೇ ಸರಿ. ಹತ್ತಿರದಿಂದ ಬೇಕಾದರೆ ನಾವೇ ನಡೆದುಹೋಗಬೇಕು. ಡಾಕ್ಟರೂ ಅದನ್ನೇ ಹೇಳುತ್ತಿದ್ದಾರೆ.

ತೂಕ ಫ್ಯೂಜಿಯದು ಬ್ಯಾಟರಿ, ಕಾರ್ಡು ಸೇರಿ 557 ಗ್ರಾಂ, ನಿಕಾನಿನದು ಸುಮಾರು 710. ನಿಕಾನಿನದು ಫುಲ್ ಫ್ರೇಮ್, ಸೆನ್ಸರ್ ದೊಡ್ಡದು, ಕತ್ತಲಲ್ಲಿ ಅದೇ ಮೇಲು. ನಾನು ಕತ್ತಲಾದ ಮೇಲೆ ಮನೆ ಬಿಡುವವನಲ್ಲ.

"ರೀ, ಆ ಅಂಕೆ ನಿಮಗೆ ಕಾಣುತ್ತಾ?" ಎಂದು ಮನೆಯವಳು ಅಂಗಡಿಯಲ್ಲಿ ಕೇಳಿದ್ದು ಕುಚೋದ್ಯಕ್ಕಲ್ಲ. ಡಯಲ್ಲು ಓದಲು ನನಗೆ ಕನ್ನಡಕ ಬೇಕು. ವ್ಯೂಫೈಂಡರಿಗೆ ಕಣ್ಣಿಡಲು ಬೇಡ. ಪಕ್ಕದ ಚಕ್ರ ತಿರುಗಿಸಿದರೆ ಅದು ನನ್ನ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಹೀಗಾಗಿ ಹಾಕು, ತಿರುಗಿಸು, ತೆಗೆ, ನೋಡು ಎಂಬ ಕವಾಯತು ನಡೆಯುತ್ತದೆ. ಇಷ್ಟರಲ್ಲಿ ಹಕ್ಕಿ ಹಾರಿಹೋಗುವುದಾದರೆ ಹೋಗಲಿ, ದೇವಸ್ಥಾನದ ಕಂಬಗಳಿಗಂತೂ ಅವಸರವಿಲ್ಲ. ಅಕ್ಕನ ಮಗ ಸಮಾಧಾನದ ದಾರಿ ಹುಡುಕಿದ: "ಕ್ಲಿಕ್ ಎಣಿಸ್ಕೊಂಡು ತಿರುಗ್ಸಿ ಮಾಮ, ಓದೋದೇ ಬೇಡ." ಮೆನುವಿನ ಮಕ್ಕಳಲ್ಲೂ ಬುದ್ಧಿವಂತರಿದ್ದಾರೆ.

ಕಡೆಗೆ ಎಕ್ಸ್-ಟಿ5, 35 ಎಫ್2 ಎಂದು ತೀರ್ಮಾನಿಸಿ ಕಾರ್ಡು ಹೊರತೆಗೆದೆ. ಮನೆಯವಳ ಮುಖದಲ್ಲಿ ಸಂಜೆಯ ಕಾಫಿಗೆ ಮನೆ ಸೇರುವ ಭರವಸೆ ಮೂಡಿತು. ಬಿಲ್ಲು ಹಾಕುತ್ತಿದ್ದ ಹುಡುಗ ತಲೆಯೆತ್ತಿ, "ಸಿಲ್ವರ್ ಕೊಡ್ಲಾ, ಬ್ಲ್ಯಾಕ್ ಕೊಡ್ಲಾ ಸಾರ್?" ಎಂದ.

"ಎರಡೂ ಹೊರಗಿಡಪ್ಪ" ಎಂದು ಸ್ಟೂಲು ಎಳೆದುಕೊಂಡು ಕೂತೆ.