ಭಂಗಾರ, ಬಂಗಾರ

ಅಕ್ಕನ ಮಗ ಪುಣೆಯಿಂದ ನಮ್ಮೂರು ವಳಸಂಗಕ್ಕೆ ಬರುವಾಗ ರೊಟ್ಟಿ ಹಂಚಿನಷ್ಟು ಅಗಲದ ಲಕೋಟೆಯೊಂದನ್ನು ಎದೆಗವಚಿಕೊಂಡು ಬಂದ. ಬಾಗೀತೆಂದು ಎಸ್‌ಟಿ ಬಸ್ಸಿನ ಮೇಲಿನ ಕಟ್ಟೆಯಲ್ಲೂ ಇಡಲಿಲ್ಲವಂತೆ. ಒಳಗಿದ್ದದ್ದು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ‘ಹ್ಯಾಕ್ನಿ ಡೈಮಂಡ್ಸ್’, ವಿನೈಲ್ ತಟ್ಟೆ. ಬಿಡುಗಡೆ 2023ರ ಅಕ್ಟೋಬರ್. ಅದಕ್ಕೆ ಮುಂಚೆ ಅವರು ತಮ್ಮದೇ ಹೊಸ ಹಾಡುಗಳ ಆಲ್ಬಂ ಮಾಡಿದ್ದು 2005ರಲ್ಲಿ. ಹದಿನೆಂಟು ವರ್ಷ! ನಮ್ಮ ಕಡೆಯ ನೀರಾವರಿ ಯೋಜನೆಗೆ ಹೋಲಿಸಿದರೆ ಅವಸರವೇ.

1962ರಿಂದ ಹಾಡುತ್ತಿರುವ ಬ್ಯಾಂಡು. ತಟ್ಟೆ ಹೊರಬಂದಾಗ ಗಾಯಕ ಮಿಕ್ ಜಾಗರ್‌ಗೆ 80. ನಮ್ಮಲ್ಲಿ ಆ ವಯಸ್ಸಿಗೆ ಸಹಸ್ರಚಂದ್ರ ದರ್ಶನ ಮಾಡಿಸಿ ಕಟ್ಟೆಯ ಮೇಲೆ ಕೂರಿಸುತ್ತಾರೆ. ಆತ ಕುಣಿಯುತ್ತಾನೆ. ಕುಣಿಯಲಿ, 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕುಣಿದು ಹೋಗಿದ್ದಾನೆ. ಹಾಡಿನ ಬಗ್ಗೆ ನನ್ನ ತಕರಾರಿಲ್ಲ, ತಕರಾರು ಲಕೋಟೆಯದು. ಅಮೆರಿಕದ ಬೇಸ್‌ಬಾಲ್ ಲೀಗಿನ 30 ತಂಡಗಳಿಗೆ ಒಂದೊಂದರಂತೆ 30 ಬಗೆಯಲ್ಲಿ ಇದೇ ಆಲ್ಬಂ ಮಾರಾಟಕ್ಕೆ ಬಂತು. ಹಾಡು ಅವೇ ಹನ್ನೆರಡು. ಸೊಲ್ಲಾಪುರದ ಚಾದರದ ಅಂಗಡಿಯವನು ನೂರು ಬಣ್ಣ ಬಿಚ್ಚಿ ಹರವುತ್ತಾನೆ ನಿಜ, ಆದರೆ ಎಲ್ಲವನ್ನೂ ಹೊದ್ದುಕೊಳ್ಳಿ ಅನ್ನುವಷ್ಟು ಧೈರ್ಯ ಅವನಿಗೂ ಬಂದಿಲ್ಲ.

ಗಡಿಯವರಾದ ನಮಗೆ ಹೀಗೆ ಲಕೋಟೆ ಬದಲಿಸಿ ಬಿಡುವುದು ಹೊಸದೂ ಅಲ್ಲ. ಮಹಾರಾಷ್ಟ್ರದ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಎಂದ, ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರದು. ಬೇಕಾದಾಗಲೆಲ್ಲ ಎರಡೂ ರಾಜ್ಯದವರು ಅದೇ ಪ್ಲೇಟನ್ನು ಹೊಸ ಲಕೋಟೆಯಿಂದ ತೆಗೆದು, ಒಬ್ಬರು ಈ ಮಗ್ಗುಲು, ಇನ್ನೊಬ್ಬರು ಆ ಮಗ್ಗುಲು ಹಚ್ಚುತ್ತಾರೆ. ಮುಳ್ಳು ಸಿಕ್ಕಿಕೊಂಡ ಗೆರೆಯಲ್ಲೇ ನಾವು ಮನೆ ಕಟ್ಟಿಕೊಂಡು ಕೂತಿದ್ದೇವೆ.

ತಟ್ಟೆ ಬಂದ ಸುದ್ದಿ ಕೇಳಿ ಪಕ್ಕದ ಮನೆಯ ಕಾಕಾ ಬಂದರು. ಒಂದು ಕಾಲಕ್ಕೆ ಮದುವೆ, ಜಾತ್ರೆಗೆ ಮೈಕ್ ಸೆಟ್ ಹೊತ್ತವರು. ಅವರ ಕಾಲದ್ದು ಅರಗಿನ ಪ್ಲೇಟು: ಪಾಂಡವರ ಮನೆಗೆ ಬಳಸಿದ ಮಾಲೇ. ನಿಮಿಷಕ್ಕೆ 78 ಸುತ್ತು, ಮಗ್ಗುಲಿಗೆ ಮೂರು ನಿಮಿಷದ ಹಾಡು, ಕೈ ಜಾರಿದರೆ ಚೂರು. ಕಾಕಾ ತಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿದರು.

“ಇದು ಅರಗ ಅಲ್ಲೋ ತಮ್ಮಾ. ಯಾತರದ್ದು?”

“ಪೀವಿಸಿ, ಮುತ್ಯಾ.”

“ನಮ್ಮ ಬೋರಿನ ಪೈಪಿಂದು?”

“ಅದರ ಜಾತೀದೇ.”

ಕಾಕಾ ಸುಮ್ಮನಾದರು. ಅವರ ಹೊಲದಲ್ಲಿ ಆ ಜಾತಿಯ ಮಾಲು ಬೇಕಾದಷ್ಟು ಬಿದ್ದಿದೆ, ಒಣಗಿ.

“ಎಷ್ಟ್ ಕೊಟ್ಟಿ?”

ಅಳಿಯ ಹೇಳಿದ. ಕಾಕಾ ಕಟ್ಟೆಯ ಮೇಲೆ ಕುಸಿದು ಕೂತರು. ಟೇಪು ಬಂದ ಮೇಲೆ ತಮ್ಮ ಎರಡು ಚೀಲ ಪ್ಲೇಟನ್ನು ಅವರು ತೂಕಕ್ಕೆ ಹಾಕಿದ್ದರು. ಗಡಿಯಾಚೆಯ ಕನ್ನಡಿಗರಿಗೆ ತಿಳಿಯಲೆಂದು ಹೇಳುತ್ತೇನೆ: ನಮ್ಮಲ್ಲಿ ಗುಜರಿಗೆ ‘ಭಂಗಾರ’ ಅನ್ನುತ್ತೇವೆ, ಮರಾಠಿಯ ಮಾತು. ಒತ್ತು ಬಿಟ್ಟರೆ ಚಿನ್ನ. ಕಾಕಾ ಭಂಗಾರಕ್ಕೆ ಹಾಕಿದ್ದು ಈಗ ಒತ್ತು ಉದುರಿಸಿಕೊಂಡು ಪುಣೆಯಿಂದ ತಿರುಗಿ ಬಂದಿದೆ. ಅಂದಹಾಗೆ, ‘ಹ್ಯಾಕ್ನಿ ಡೈಮಂಡ್ಸ್’ ಅಂದರೆ ಲಂಡನ್ನಿನ ಆಡುಮಾತಿನಲ್ಲಿ ಕಳ್ಳರು ಒಡೆದ ಕಾರಿನ ಗಾಜಿನ ಚೂರು. ಒಡೆದ ಗಾಜಿಗೆ ವಜ್ರವೆಂದು ಹೆಸರಿಡುವ ಊರಿನವರಿಗೆ ನಮ್ಮ ಒತ್ತು ಯಾವ ಲೆಕ್ಕ?

“ಮಷಿನ್ ತಗೀ, ಹಚ್ಚೋಣು,” ಅಂದರು ಕಾಕಾ.

ಮಷಿನ್ ಇಲ್ಲ. ಪುಣೆಯಲ್ಲೂ ಇಲ್ಲ. ಅಲ್ಲಿ ಇದು ಸೋಫಾದ ಮೇಲಿನ ಗೋಡೆಗೆ. ಹಾಡು ಮೊಬೈಲಿನಲ್ಲಿದೆ ಎಂದು ಅಳಿಯ ಬೆರಳಿಟ್ಟ. ಹಿಡಿಯಷ್ಟು ಡಬ್ಬಿಯೊಳಗಿಂದ 80ರ ಅಜ್ಜ ಕೂಗತೊಡಗಿದ. ತಟ್ಟೆ ಗೋಡೆಗೊರಗಿ ಕೂತು ಕೇಳುತ್ತಿತ್ತು. ಕಾಕಾ ಹಳೆಯ ರೂಢಿಯಂತೆ ಅದನ್ನೆತ್ತಿ, ಇಲ್ಲದ ಧೂಳನ್ನು ಊದಿ, ಲಕೋಟೆಗೆ ಸೇರಿಸಿದರು.

ಅಷ್ಟರಲ್ಲಿ ಓಣಿಯ ತುದಿಯಿಂದ ಕೂಗು ಬಂತು: “ಭಂಗಾ...ರ್!”

ಕಾಕಾ ಲಕೋಟೆ ಹಿಡಿದೇ ಎದ್ದು ನಿಂತರು. ಅಳಿಯ ಓಡಿಹೋಗಿ ಬಾಗಿಲು ಹಾಕಿದ.