ಗುರುತು ಸಿಗದ ಹಾರಾಟ

(ಅಂಕೋಲೆಯ ಚಾ ಅಂಗಡಿ. ಸೀಬರ್ಡ್ ನೌಕಾನೆಲೆ ಯೋಜನೆಗೆ ಗದ್ದೆ ಬಿಟ್ಟುಕೊಟ್ಟ ಮಾವ, ಪೇಪರ್ ಓದುವ ಅಳಿಯ.)

ಅಳಿಯ: ಮಾವಾ, ಅಮೆರಿಕದ ವಾಯುಪಡೆ 1947ರಿಂದ 1969ರ ತನಕ ಆಕಾಶದಲ್ಲಿ ಕಂಡ 12,618 ವಿಚಿತ್ರಗಳನ್ನ ಬರೆದಿಟ್ಟಿತ್ತಂತೆ. ಅದ್ರಲ್ಲಿ 701 ಏನಂತಲೇ ಗೊತ್ತಾಗ್ಲಿಲ್ಲ!

ಮಾವ: ನಮ್ಮ ಕಾರವಾರಕ್ಕೂ 2024ರ ನವೆಂಬರಲ್ಲಿ ಒಂದು ಬಂದಿತ್ತಲ್ಲ, ಬೆನ್ನಿಗೆ ಯಂತ್ರ ಕಟ್ಕೊಂಡು?

ಅಳಿಯ: ಅದು ರಣಹದ್ದು! ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಹತ್ತಿರ. ಗೂಢಚಾರ ಅಂತ ಜನ ಹೆದರಿದ್ರು. ವಿಚಾರಿಸಿದ್ರೆ ಮಹಾರಾಷ್ಟ್ರದ ತಾಡೋಬಾದಿಂದ ಸಂಶೋಧನೆಗೆ ಬಿಟ್ಟ ಹಕ್ಕಿ.

ಮಾವ: ಹದ್ದಿನ ಊರು, ಕೇರಿ ಎಲ್ಲ ಬೇಗ ಸಿಕ್ತು. ನನ್ನ ಪರಿಹಾರದ ಫೈಲು?

ಅಳಿಯ: ಅದೂ ಹಾರ್ತಾ ಇದೆಯಲ್ಲ, ಮೇಜಿಂದ ಮೇಜಿಗೆ.

ಮಾವ: ಹಾಗಾದ್ರೆ ಅಮೆರಿಕಕ್ಕೆ ಒಂದು ಕಾಗದ ಹಾಕು ಮಾರಾಯಾ, 702ನೇದು ಅಂಕೋಲೆಯದು ಅಂತ.